ಸಂಬಳವಿಲ್ಲದ ಬೇಸಿಗೆಯ ಬೆಲೆ

ನೋಯ್ಡಾದ ಆ ಕಚೇರಿಯಿಂದ ಫೋನ್ ಬಂದಾಗ ನಾನು ಹಾಸ್ಟೆಲಿನ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬೇಸಿಗೆಯ ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ನಿಮ್ಮನ್ನು ಆರಿಸಿದ್ದೇವೆ ಎಂದರು. ಕೈಯಲ್ಲಿದ್ದ ಒದ್ದೆ ಚೂಡಿದಾರ ಜಾರಿ ಮತ್ತೆ ಬಕೆಟ್ಟಿಗೇ ಬಿತ್ತು. ಆಮೇಲೆ ಅದೇ ಉಸಿರಿನಲ್ಲಿ, ಸ್ಟೈಪೆಂಡ್ ಏನೂ ಇರುವುದಿಲ್ಲ, ಮುಗಿದ ಮೇಲೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದರು. ನಾನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ಬಟ್ಟೆ ಪೂರ್ತಿ ಒಣಹಾಕುವ ಹೊತ್ತಿಗೆ ಲೆಕ್ಕ ತಲೆಯೊಳಗೆ ಇಳಿದಿತ್ತು.

ನಾನಾಗ ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿ ಓದುತ್ತಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಗೇಟು ದಾಟಿದವಳು ನಾನೇ ಮೊದಲು. ನೋಯ್ಡಾದ ಆ ಸಂಸ್ಥೆ ಮನೆಮನೆಗೆ ಹೋಗಿ ನೀರು, ಕಾಯಿಲೆ, ಮಕ್ಕಳ ಓದು ಇಂಥವುಗಳ ಸಮೀಕ್ಷೆ ಮಾಡುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ದುಡಿದವರನ್ನೇ ಕೋರ್ಸು ಮುಗಿದ ಮೇಲೆ ಕೆಲಸಕ್ಕೆ ಕರೆಯುತ್ತಾರೆಂದು ಸೀನಿಯರ್‌ಗಳೆಲ್ಲ ಹೇಳುತ್ತಿದ್ದರು. ನನಗೆ ಆ ಕೆಲಸ ಬೇಕಿತ್ತು. ಅದಕ್ಕೆ ಈ ಎರಡು ತಿಂಗಳು ಬೇಕಿತ್ತು. ದೆಹಲಿಯಲ್ಲೇ ಮನೆಯಿದ್ದ ಸಹಪಾಠಿಗಳಿಗೆ ಸಂಬಳವಿಲ್ಲ ಅಂದರೆ ಕೈಖರ್ಚಿಗೆ ಅಪ್ಪನನ್ನು ಕೇಳಬೇಕು ಅಂತ ಅರ್ಥ, ಅಷ್ಟೇ. ನನ್ನ ಪಾಲಿಗೆ ಅದರರ್ಥ ಬೇರೆ. ರಜೆ ಬಂದೊಡನೆ ಹಾಸ್ಟೆಲು ಮುಚ್ಚುತ್ತದೆ, ಮೆಸ್ಸಿನ ಒಲೆ ಆರುತ್ತದೆ. ಪ್ರತಿ ಬೇಸಿಗೆ ದಾವಣಗೆರೆಯ ಟ್ಯುಟೋರಿಯಲ್ಲಿನಲ್ಲಿ ಗಣಿತ ಹೇಳಿಕೊಟ್ಟು ಮುಂದಿನ ವರ್ಷದ ಮೆಸ್ ಬಿಲ್ಲು ಹೊಂದಿಸುತ್ತಿದ್ದೆ. ಈ ಸಲ ಅದೂ ಕೈಬಿಡುತ್ತದೆ.

ಅಮ್ಮನಿಗೆ ಫೋನ್ ಮಾಡಿದೆ. ಅವಳ ಕೈಗೆ ಮೊಬೈಲು ಬಂದು ಕೆಲವೇ ತಿಂಗಳಾಗಿತ್ತು. ದೆಹಲಿ ದೂರ ಅನ್ನುವ ಕಾರಣಕ್ಕೆ ಗಟ್ಟಿಯಾಗಿಯೇ ಕೂಗುತ್ತಿದ್ದಳು.

"ಕೆಲ್ಸ ಮಾಡಾಕ ನಾವ ಕೈಯಿಂದ ಹಾಕಬೇಕಾ? ಅದ್ಯಾವ ಊರಿನ ಪದ್ಧತಿ?"

"ಇಲ್ಲೆಲ್ಲಾ ಹಂಗೇ ಅಂತವ್ವಾ."

"ಹಂಗಾದ್ರ ನಿನಗೇನು ಸಿಗತೈತಿ ಅದರಾಗ?"

"ಮುಂದೆ ನೌಕರಿ ಸಿಗಬಹುದು."

"ಬಹುದು ಅಂತೀಯೋ, ಸಿಗತೈತಿ ಅಂತೀಯೋ?"

"ನಾನು ಹೋದ್ರೆ ಸಿಗತೈತಿ."

ಅತ್ತ ಕಡೆ ಪಾತ್ರೆಗಳು ಒಂದಕ್ಕೊಂದು ತಾಗಿದ ಸದ್ದು. "ಹಂಗಾದ್ರ ಹೋಗು. ದಾರಿ ನೀನ ಹುಡುಕ್ಕೋ," ಅಂದಳು.

ಅಮ್ಮನ ಕಸುಬು ಹಳೇ ಬಟ್ಟೆಗೆ ಪಾತ್ರೆ ಕೊಡುವುದು. ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ, ಹೆಗಲಿಗೆ ಬಟ್ಟೆಯ ಗಂಟು. ಶಾಲೆಯ ರಜೆಯಲ್ಲಿ ನಾನು ಗಂಟು ಹಿಡಿದು ಹಿಂದೆ ನಡೆಯುತ್ತಿದ್ದೆ. ಅಮ್ಮ ಮನೆ ಮುಂದೆ ಬುಟ್ಟಿ ಇಳಿಸಿದರೆ ಮೊದಲು ಅತಿ ದೊಡ್ಡ ಪಾತ್ರೆಯನ್ನು ಹೊಸಿಲ ಹತ್ತಿರ ಇಡುವಳು. ಆ ಮನೆಯಾಕೆ ಅದನ್ನು ಎತ್ತಿ, ತಳ ತಟ್ಟಿ, ಮುಖ ನೋಡಿಕೊಳ್ಳುವವರೆಗೆ ಮಾತಿಲ್ಲ. ಆಮೇಲೂ ಏನು ಕೊಡುತ್ತೀರಿ ಎಂದು ಅಮ್ಮ ಕೇಳಿದ್ದು ನನಗೆ ನೆನಪಿಲ್ಲ. "ಟ್ರಂಕಿನಾಗ ಸುಮ್ನ ಬಿದ್ದಿದ್ದು ಏನೈತಿ ನೋಡ್ರಿ ಅಕ್ಕಾ," ಎನ್ನುವಳು. ತನ್ನ ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿ, ಬುಟ್ಟಿಯಡಿಗೆ ತಲೆ ಮೇಲಿಡುವ ಬಟ್ಟೆಯ ಸಿಂಬಿಯನ್ನು ಬಿಚ್ಚಿ ಮತ್ತೆ ಸುತ್ತತೊಡಗುವಳು. ಆ ಮೌನವನ್ನು ಎಷ್ಟೋ ಗಟ್ಟಿಗಿತ್ತಿಯರು ತಡೆದುಕೊಳ್ಳಲಾರದೆ ಒಳಗೆ ಹೋಗಿ ಇನ್ನೊಂದು ಸೀರೆ ತಂದು ಹಾಕುತ್ತಿದ್ದರು.

ನನ್ನ ಬಳಿ ಹಣವಿರಲಿಲ್ಲ, ಈ ವಿದ್ಯೆಯಿತ್ತು. ದೆಹಲಿಯಲ್ಲಿ ಬೇಸಿಗೆ ಹೊತ್ತು ಸುಮ್ಮನೆ ಬಿದ್ದಿರುವುದು ಏನು ಎಂದು ಯೋಚಿಸಿದೆ. ಉತ್ತರ ಸಿಕ್ಕಿದ್ದು ಮಯೂರ್ ವಿಹಾರ್ ಬಡಾವಣೆಯಲ್ಲಿ.

ಅಲ್ಲಿನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಕನ್ನಡದ ಮನೆಗೆ ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ದೆಹಲಿ ಕನ್ನಡಿಗರ ಯುಗಾದಿ ಊಟದ ಪಂಕ್ತಿಯಲ್ಲಿ ಕೋಸಂಬರಿ ಬಡಿಸುವಾಗ ಪರಿಚಯವಾದ ಆಂಟಿ, ಐದನೇ ಕ್ಲಾಸಿನ ಮಗಳಿಗೆ ಲೆಕ್ಕ ಹೇಳಿಕೊಡು ಎಂದು ಕರೆದಿದ್ದರು. ಶಾಲೆಗೆ ರಜೆ ಬಿದ್ದ ಮಾರನೆಯ ದಿನವೇ ಆ ಸೊಸೈಟಿಯ ಕನ್ನಡದ ಮನೆಗಳೆಲ್ಲ ಬೀಗ ಹಾಕಿಕೊಂಡು ದಕ್ಷಿಣದ ರೈಲು ಹತ್ತುತ್ತವೆ. ಟಿಕೆಟ್ಟು ಚಳಿ ಬಿಡುವ ಮೊದಲೇ ಬುಕ್ ಆಗಿರುತ್ತದೆ. ಹಿಂದೆ ಉಳಿಯುವುದು ಬಾಲ್ಕನಿಯ ಕುಂಡಗಳು. ಆಂಟಿ ಊರಿಂದ ಹೊತ್ತು ತಂದಿದ್ದ ಕರಿಬೇವಿನ ಗಿಡ ಹಿಂದಿನ ಬೇಸಿಗೆ ಕಡ್ಡಿಯಾಗಿ ಹೋಗಿತ್ತು. ಈಗಿನದು ಎರಡನೆಯದು.

"ಆಂಟಿ, ಈ ಸಲ ಕರಿಬೇವಿಗೆ ನೀರು ಹಾಕೋರು ಯಾರು?"

"ಗಾರ್ಡ್ ಭಯ್ಯಾಗೆ ಹೇಳಿ ಹೋಗ್ತೀನಮ್ಮ."

"ಹೋದ ವರ್ಷಾನೂ ಅವರಿಗೇ ಅಲ್ವಾ ಹೇಳಿದ್ದು?"

ಆಂಟಿ ಚಪಾತಿ ಲಟ್ಟಿಸುವುದು ನಿಲ್ಲಿಸಿ ನನ್ನ ಮುಖ ನೋಡಿದರು. "ಏನೋ ಇದೆ ನಿನ್ನ ಮನಸ್ಸಲ್ಲಿ. ಸುತ್ತು ಹಾಕ್ಬೇಡ, ಹೇಳು."

ಹೇಳಿದೆ. ಗಿಡಕ್ಕೆ ನೀರು, ಬೆಳಿಗ್ಗೆ ಕಾರ್ಪೊರೇಷನ್ ನೀರು ಬಂದಾಗ ಮೋಟಾರು ಹಾಕಿ ಟ್ಯಾಂಕ್ ತುಂಬಿಸುವುದು, ಮನೆ ಧೂಳು ಹಿಡಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಬದಲಿಗೆ ಮಲಗಲು ನಡುಮನೆಯ ಒಂದು ಮೂಲೆ, ಅಡುಗೆಗೆ ಒಂದು ಒಲೆ. ಗ್ಯಾಸು ನಾನೇ ತುಂಬಿಸಿಡುತ್ತೇನೆ.

"ಅಯ್ಯೋ, ಗ್ಯಾಸಿನ ಲೆಕ್ಕ ಯಾಕೆ ಹೇಳ್ತೀಯ? ಸುಮ್ನೆ ಇರಬಾರ್ದಾ ನಮ್ಮನೇಲಿ?"

"ಸುಮ್ನೆ ಅಂದ್ರೆ ನಾನು ಬರಲ್ಲ ಆಂಟಿ."

ಇದು ನಾಚಿಕೆಯ ಮಾತಾಗಿರಲಿಲ್ಲ. ಈಗ ಇಂಥ ದಾರಿ ಹುಡುಕುತ್ತಿರುವ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಉಪಕಾರವೆಂದು ಉಳಿದುಕೊಂಡ ಮನೆಯಲ್ಲಿ ಎರಡನೇ ವಾರದಿಂದ ಫ್ರಿಜ್ಜಿನ ಬಾಗಿಲು ತೆಗೆಯಲೂ ಹಿಂಜರಿಯುತ್ತೀರಿ. ಕೊಟ್ಟು ಪಡೆದುಕೊಂಡ ಮನೆಯಲ್ಲಿ ನಿದ್ದೆ ಬರುತ್ತದೆ.

ಪಕ್ಕದ ಕೋಣೆಯಿಂದ ಮಗಳು ಓಡಿ ಬಂದಳು. "ದೀದಿ ಹಮಾರೇ ಘರ್ ಮೇಂ ರಹೇಂಗೀ? ಮೇರಾ ಕಂಪ್ಯೂಟರ್ ಮತ್ ಛೂನಾ!"

"ಕನ್ನಡದಲ್ಲಿ ಹೇಳು," ಆಂಟಿ ಗದರಿದರು.

"ನಮ್ಮನೇಲಿ ಇರ್ತೀರಾ? ಕಂಪ್ಯೂಟರ್ ಟಚ್ ಮಾಡ್ಬೇಡಿ. ಪ್ಲೀಸ್."

ಪೇಪರಿನ ಹಿಂದಿನಿಂದ ಅಂಕಲ್ ಕೆಮ್ಮಿದರು. "ನಾನು ಆಫೀಸಿಗೋಸ್ಕರ ಜೂನ್ ಶುರುವಿಗೇ ಒಬ್ಬನೇ ವಾಪಸ್ ಬರ್ತೀನಿ. ನೆನಪಿದೆ ತಾನೆ?"

ಅವರೊಬ್ಬರೇ ಇರುವ ಮನೆಯಲ್ಲಿ ನಾನಿರುವಂತಿಲ್ಲ. ಆ ಮಾತಿನ ಮುಂದಿನ ಭಾಗವನ್ನು ಯಾರೂ ಆಡಬೇಕಾಗಿರಲಿಲ್ಲ. "ಅಂಕಲ್ ಬರೋ ಹಿಂದಿನ ದಿನ ಬೀಗದ ಕೈ ಗಾರ್ಡ್ ಹತ್ರ ಇರುತ್ತೆ," ಅಂದೆ. ಮೊದಲ ಕೆಲವು ವಾರಗಳಿಗೆ ಸೂರು ಸಿಕ್ಕಿತು. ಉಳಿದದ್ದಕ್ಕೆ ಹಣವೇ ಬೇಕು.

ನಮ್ಮ ವಿಭಾಗದಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದ ಒಂದು ಸಣ್ಣ ನಿಧಿಯಿತ್ತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತಿದವರಿಗೆ, ಸಂಬಳವಿಲ್ಲದ ಬೇಸಿಗೆಯ ತರಬೇತಿಗೆ ನೆರವು. ಪದ್ಧತಿ ಏನೆಂದರೆ ಮೊದಲು ನೀವೇ ಖರ್ಚು ಮಾಡಿ, ಮಳೆಗಾಲ ಕಳೆದ ಮೇಲೆ ರಶೀದಿ ತಂದು ತೋರಿಸಿ, ಆಗ ಕೊಡುತ್ತಾರೆ. ಖರ್ಚು ಮಾಡಲು ದುಡ್ಡಿದ್ದವರು ಈ ನಿಧಿಯ ಹತ್ತಿರ ಯಾಕೆ ಬರುತ್ತಾರೆಂದು ನಿಧಿ ಕಟ್ಟಿದ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ.

ಕೊಡುವವರು ಮೂವರು ಅಧ್ಯಾಪಕರು. ಕೇಳುವವರು ನಾವು ಏಳೆಂಟು ಜನ. ಸಂತೆ ಕಂಡ ಮಗಳಲ್ಲವೆ, ಕಡಿಮೆ ಬೆಲೆ ಹೇಳಿದವರ ಮುಂದೆಯೇ ಗಿರಾಕಿ ನಿಲ್ಲುತ್ತಾನೆ ಅಂದುಕೊಂಡೆ. ಊಟದ ಖರ್ಚು ಬಿಟ್ಟೆ. ಬಾಡಿಗೆ ಬಿಟ್ಟೆ, ಜೂನ್ ಹೊತ್ತಿಗೆ ಇನ್ನೊಂದು ಖಾಲಿ ಮನೆ ಸಿಗದೆ ಎಲ್ಲಿ ಹೋಗುತ್ತದೆ? ಬಸ್ ಚಾರ್ಜನ್ನಷ್ಟೇ ಕೇಳಿದೆ. ಉಳಿದವರೆಲ್ಲ ಕೇಳಿದ್ದರಲ್ಲಿ ನನ್ನದೇ ಕನಿಷ್ಠ ಎಂದು ತಿಳಿದಾಗ ಒಳಗೊಳಗೇ ಹಿಗ್ಗಿದೆ.

ಸಮಿತಿಯ ಮುಂದೆ ಕೂತಾಗ ಮಾತಾಡಿದ್ದು ಮೇಡಂ ಒಬ್ಬರೇ. ನಮಗೆ ಸ್ಯಾಂಪ್ಲಿಂಗ್ ಪಾಠ ಮಾಡುತ್ತಿದ್ದ ಪಂಜಾಬಿ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು.

"ಮಧ್ಯಾಹ್ನ ಏನು ತಿನ್ನುತ್ತೀಯ?"

"ಬೆಳಿಗ್ಗೆಯೇ ಚೆನ್ನಾಗಿ ತಿಂದು ಹೊರಡ್ತೀನಿ ಮೇಡಂ."

"ಅಚ್ಛಾ. ಜೂನ್‌ನಲ್ಲಿ ಎಲ್ಲಿರುತ್ತೀಯ?"

"ಏನಾದ್ರೂ ವ್ಯವಸ್ಥೆ ಮಾಡ್ಕೋತೀನಿ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಹೋದ ವರ್ಷ ಒಬ್ಬ ಹುಡುಗನೂ ಹೀಗೇ ಅಂದಿದ್ದನಂತೆ. ಬಿಸ್ಕತ್ತು ತಿಂದುಕೊಂಡು ಬಿಸಿಲಲ್ಲಿ ಓಡಾಡಿ, ನಡುವೆಯೇ ಹಾಸಿಗೆ ಹಿಡಿದು ಊರಿಗೆ ಹೋದ. ಕೆಲಸ ಅರ್ಧಕ್ಕೆ ನಿಂತಿತು, ಅವನು ಹೋಗಿದ್ದ ಕಚೇರಿ ಮತ್ತೆ ನಮ್ಮ ವಿಭಾಗದವರನ್ನು ತೆಗೆದುಕೊಳ್ಳಲಿಲ್ಲ. "ಇಷ್ಟರಲ್ಲಿ ನೀನು ಎರಡು ತಿಂಗಳು ಮುಗಿಸುತ್ತೀಯ ಅಂತ ನನಗೆ ನಂಬಿಕೆಯಿಲ್ಲ. ಈ ವರ್ಷ ಬೇಡ ಬಿಡು," ಎಂದರು. ಗದರಿಕೆಯಾಗಿದ್ದರೆ ಸಹಿಸಿಕೊಳ್ಳಬಹುದಿತ್ತು, ಅದು ಕಾಳಜಿಯ ದನಿ.

"ಮೇಡಂ, ನಾಳೆವರೆಗೆ ನನ್ನ ಹೆಸರಿಗೆ ಅಡ್ಡಗೆರೆ ಎಳೀಬೇಡಿ," ಅಂದೆ. ಬಾಯಿಗೆ ಬಂದದ್ದು ಅಷ್ಟೇ. ಮುಚ್ಚಿದ ಪೆನ್ನನ್ನು ಅವರು ಮತ್ತೆ ತೆರೆಯಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ನಿಂತು ಅಮ್ಮನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ.

"ಕಡೇ ಬೆಲೆ ಮೊದಲ ಹೇಳಿದ್ಯಾ?" ಅಮ್ಮ ಕೂಗಿದಳು. "ಯಾರು ಕಲಿಸಿದ್ರು ನಿನಗಿದನ್ನ? ನಾನಂತೂ ಕಲಿಸಿಲ್ಲ!"

"ಕಡಿಮೆ ಕೇಳಿದ್ರೆ ಕೊಡ್ತಾರ ಅಂತ ಮಾಡಿದ್ದೆ."

"ಕಡಿಮಿ ಕೇಳೋದು ಕೊಳ್ಳೋರು. ನೀನು ಕೊಳ್ಳಾಕ ಹೋಗಿದ್ಯೋ, ಮಾರಾಕ ಹೋಗಿದ್ಯೋ?"

"ನಾನೇನು ಮಾರ್ತೀನವ್ವಾ? ಕೇಳಾಕ ಹೋಗಿದ್ದೆ."

"ಅವರು ರೊಕ್ಕ ಕೊಟ್ಟು ಏನೋ ಒಂದು ತಗೋಬೇಕಲ್ಲ. ಅದೇನು ಅಂತ ನೋಡು. ಅಗ್ಗ ಅಂದ್ರ ಪಾತ್ರಿ ತೂತೈತಿ ಅಂತ ತಿಳೀತಾರ." ಯಾರೋ ಗಿರಾಕಿ ಕರೆದರೇನೋ, ಫೋನ್ ಇಟ್ಟಳು.

ಅವರು ತೆಗೆದುಕೊಳ್ಳುವುದೇನು? ಮೇಡಂ ಆ ಹುಡುಗನ ಬಗ್ಗೆ ಹೇಳಿದ್ದರಲ್ಲೇ ಉತ್ತರವಿತ್ತು. ಅವರಿಗೆ ಬೇಕಾದದ್ದು ನಡುವೆ ನಿಲ್ಲದ ಎರಡು ತಿಂಗಳು, ನೋಯ್ಡಾದ ಕಚೇರಿಯ ಬಾಗಿಲು ಮುಂದಿನ ವರ್ಷದವರಿಗೂ ತೆರೆದಿರುವುದು. ಅದನ್ನು ನಾನು ಕೊಡಬಲ್ಲೆ. ಹಾಗಿದ್ದರೆ ಅದಕ್ಕೆ ತಗಲುವ ಬೆಲೆಯನ್ನೂ ನಾನೇ ಹೇಳಬೇಕು. ಹುಟ್ಟಿದಾಗಿನಿಂದ ಖರ್ಚು ಇಳಿಸುವುದನ್ನೇ ಅಭ್ಯಾಸ ಮಾಡಿದ್ದವಳಿಗೆ ತನ್ನ ಬೆಲೆ ಏರಿಸಲು ಕೂತಾಗ ಪೆನ್ನೇ ಓಡಲಿಲ್ಲ. ಊಟ ಎಂದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಜೂನಿನ ಬಾಡಿಗೆ ಬರೆದೆ. ಬಿಸಿಲಿಗೆ ಛತ್ರಿ, ಜ್ವರ ಬಂದರೆ ಡಾಕ್ಟರು. ಕೊನೆಗೆ ಹಲ್ಲು ಕಚ್ಚಿ, ಕೈಬಿಟ್ಟುಹೋಗುವ ಟ್ಯುಟೋರಿಯಲ್ ಸಂಪಾದನೆಯನ್ನೂ ಸೇರಿಸಿದೆ. ಅದನ್ನು ಅವರು ತೆಗೆಸುತ್ತಾರೆಂದು ಗೊತ್ತಿತ್ತು. ಎದುರಿನವರಿಗೆ ಇಳಿಸಲು ಒಂದು ಮೆಟ್ಟಿಲು ಬಿಟ್ಟಿರಬೇಕು, ಇಲ್ಲದಿದ್ದರೆ ಅವರು ಬೇಕಾದ್ದನ್ನೇ ಕೀಳುತ್ತಾರೆ.

ಮರುದಿನ ವಿಭಾಗದ ಮುಖ್ಯಸ್ಥರೂ ಅಲ್ಲಿದ್ದರು. ನನ್ನ ಹೊಸ ಕಾಗದ ನೋಡಿ ಅವರ ಹುಬ್ಬು ಮೇಲೇರಿತು.

"ನಿನ್ನೆ ಅಷ್ಟು, ಇವತ್ತು ಇಷ್ಟು? ಎರಡರಲ್ಲಿ ಯಾವುದು ಸುಳ್ಳು?"

"ಎರಡೂ ನಿಜ ಸರ್. ನಿನ್ನೆಯದು ನಾನು ಜೀವ ಹಿಡ್ಕೊಂಡಿರೋ ಬೆಲೆ. ಇವತ್ತಿನದು ಕೆಲಸ ಮುಗಿಸೋ ಬೆಲೆ."

"ಇದೇನು ಸಬ್ಜಿ ಮಂಡಿಯೇ?"

"ಅಲ್ಲ ಸರ್. ನಮ್ಮದು ಪಾತ್ರೆ ವ್ಯಾಪಾರ."

ಮೇಡಂ ತುಟಿ ಬಿಗಿಹಿಡಿದರು. ನಗು ತಡೆದುಕೊಂಡರೆಂದು ನನ್ನ ಊಹೆ. ಮುಖ್ಯಸ್ಥರು ಕಾಗದದ ಕೊನೆಗೆ ಬೆರಳಿಟ್ಟು, "ನಿನ್ನ ಟ್ಯೂಷನ್ ದುಡ್ಡು ನಾವ್ಯಾಕೆ ತುಂಬಿಕೊಡಬೇಕು?" ಎಂದರು.

"ಅದನ್ನ ಬಿಡ್ತೀನಿ ಸರ್. ಆದ್ರೆ ಬದಲಿಗೆ ಒಂದು ಕೇಳ್ತೀನಿ. ರಶೀದಿ ತಂದ ಮೇಲೆ ಅಲ್ಲ, ಹೋಗೋ ಮೊದಲೇ ಕೊಡಿ."

"ಹಾಗೆ ಯಾವತ್ತೂ ಕೊಟ್ಟಿಲ್ಲ."

"ಅರ್ಧ ಮೊದಲು ಕೊಡಿ. ಉಳಿದರ್ಧ ತಿಂಗಳಾದ ಮೇಲೆ. ನಡುವೆ ಮೇಡಂ ಆ ಕಚೇರಿಗೆ ಫೋನ್ ಮಾಡಿ ವಿಚಾರಿಸಲಿ. ನಾನು ಒಂದು ದಿನ ತಪ್ಪಿಸಿದ್ರೂ ಉಳಿದರ್ಧ ಬೇಡ."

ಇಷ್ಟು ಹೇಳಿ ಬಾಯಿ ಮುಚ್ಚಿದೆ. ಸುತ್ತಲು ಸಿಂಬಿ ಇರಲಿಲ್ಲ. ದುಪಟ್ಟಾದ ತುದಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮಡಿಸಿದೆ, ಬಿಚ್ಚಿದೆ, ಮಡಿಸಿದೆ. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಇನ್ನೊಂದು ಮಾತು, ದಯವಿಟ್ಟು ಅನ್ನುವ ಒಂದು ಮಾತು, ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಆಡಿದ್ದರೆ ಎಲ್ಲ ಕೆಡುತ್ತಿತ್ತೆಂದೇ ಇವತ್ತಿಗೂ ನಂಬಿದ್ದೇನೆ. ಬೆಲೆ ಹೇಳಿದ ಮೇಲೆ ಮೊದಲು ಮಾತಾಡಿದವರೇ ಇಳಿಯಬೇಕಾಗುತ್ತದೆ.

ಮುಖ್ಯಸ್ಥರು ಮೇಡಂ ಕಡೆ ನೋಡಿದರು. "ಫೋನ್ ಮಾಡಿ ವಿಚಾರಿಸೋದು ನನಗೇನೂ ಕಷ್ಟವಿಲ್ಲ," ಎಂದರು ಮೇಡಂ. ಮುಖ್ಯಸ್ಥರು ಬಾಡಿಗೆಯ ಮೊತ್ತವನ್ನು ಸ್ವಲ್ಪ ಕತ್ತರಿಸಿದರು, ಊಟವನ್ನು ಮುಟ್ಟಲಿಲ್ಲ, ಸಹಿ ಹಾಕಿದರು. ಕಾಗದ ತೆಗೆದುಕೊಂಡು ಏಳುವಾಗ ಮೇಡಂ ಮೆಲ್ಲಗೆ, "ಛತ್ರಿ ಮಾತ್ರ ಇವತ್ತೇ ತಗೋ," ಎಂದರು.

ಮಯೂರ್ ವಿಹಾರ್‌ನ ಮನೆಗೆ ನಾನು ಹೋದ ದಿನ ಆಂಟಿ ರೈಲಿಗೆ ಹೊರಡುವ ಗಡಿಬಿಡಿಯಲ್ಲೂ ನನ್ನನ್ನು ಗೇಟಿಗೆ ಕರೆದೊಯ್ದು ಗಾರ್ಡಿಗೆ ತೋರಿಸಿದರು. "ಭಯ್ಯಾ, ಯೇ ಮೇರೀ ಭಾಂಜಿ ಹೈ. ಕೋಯಿ ತಂಗ್ ನ ಕರೇ." ಯಾರೂ ತೊಂದರೆ ಕೊಡದಿರಲೆಂದು ಹಾಗೆ ನಾನು ಆ ಬೇಸಿಗೆಗೆ ಅವರ ತಂಗಿಯ ಮಗಳಾದೆ. ನಸುಕಿನಲ್ಲಿ ನಲ್ಲಿಯ ಗೊರಗೊರ ಕೇಳಿದೊಡನೆ ಮೋಟಾರು ಹಾಕುವುದು, ಕರಿಬೇವಿಗೆ ನೀರು, ಕೊಡದಷ್ಟು ದೊಡ್ಡ ಬಾಟಲಿಗೆ ನನಗೂ ನೀರು. ಮೆಟ್ರೋ ಕಂಬಗಳು ಆಗಷ್ಟೇ ಏಳುತ್ತಿದ್ದ ರಸ್ತೆಯ ಧೂಳಿನಲ್ಲಿ ಬಸ್ ಹಿಡಿದು ನೋಯ್ಡಾ. ಅಲ್ಲಿಂದ ಕಚೇರಿಯ ಜೀಪಿನಲ್ಲಿ ಗ್ರೇಟರ್ ನೋಯ್ಡಾದ ಕಡೆಯ ಹಳ್ಳಿಗಳಿಗೆ. ಹೊಲದ ನಡುವೆ ಕಾಲೇಜು ಕಟ್ಟಡಗಳು ಏಳುತ್ತಿದ್ದವು, ಅವುಗಳ ನೆರಳಿನಲ್ಲೇ ಹ್ಯಾಂಡ್ ಪಂಪಿನ ಮುಂದೆ ಕೊಡಗಳ ಸಾಲು.

ಜೊತೆಗಿದ್ದ ಇನ್ನಿಬ್ಬರು ಇಂಟರ್ನ್‌ಗಳು ನನಗಿಂತ ಒಳ್ಳೆಯ ಹಿಂದಿ ಬಲ್ಲವರು. ಆದರೆ ಬಾಗಿಲಲ್ಲಿ ನಿಂತೇ ಮೊದಲ ಪ್ರಶ್ನೆ ಓದಿಬಿಡುತ್ತಿದ್ದರು, ಒಳಗಿನವರು ಫುರ್ಸತ್ತಿಲ್ಲ ಎಂದು ಬಾಗಿಲು ಎಳೆದುಕೊಳ್ಳುತ್ತಿದ್ದರು. ನಾನು ಹೊಸಿಲ ಪಕ್ಕ ಕೂತು, ಬಾಟಲಿ ತೆಗೆದು, "ದೀದಿ, ಈ ನೀರು ಎಲ್ಲಿಂದ ತರ್ತೀರಿ, ನನ್ನದು ಖಾಲಿಯಾಯ್ತು," ಎನ್ನುತ್ತಿದ್ದೆ. ನೀರು ಬರುವಷ್ಟರಲ್ಲಿ ಅರ್ಧ ಪ್ರಶ್ನೆಗಳಿಗೆ ಉತ್ತರವೂ ಬಂದಿರುತ್ತಿತ್ತು. ಹೊಸಿಲು ಎಲ್ಲ ಊರಲ್ಲೂ ಹೊಸಿಲೇ. ನೋಯ್ಡಾ ಪಕ್ಕದ ಇಂದಿರಾಪುರಂನ ಎತ್ತರದ ಸೊಸೈಟಿಗಳಲ್ಲಿ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಅಲ್ಲಿ ಗೇಟಿನ ಇಂಟರ್‌ಕಾಮ್ ದಾಟುವುದೇ ಒಂದು ಬೆಳಿಗ್ಗೆಯ ಕೆಲಸ.

ಅಂಕಲ್ ಬರುವ ಹಿಂದಿನ ದಿನ ಬೀಗದ ಕೈ ಗಾರ್ಡ್‌ಗೆ ಕೊಟ್ಟು ಇಂದಿರಾಪುರಂನ ಒಬ್ಬ ವಿಧವೆಯ ಮನೆಯ ಬಾಲ್ಕನಿ ಕೋಣೆಗೆ ಹೋದೆ. ಬಾಡಿಗೆ ಜಾಸ್ತಿಯಾಯಿತು ಎಂದರೆ, "ಲಿಫ್ಟ್ ಇದೆ ಬೇಟಾ" ಎಂದರು. ಲಿಫ್ಟು ಹತ್ತುವುದಿಲ್ಲ, ಮೆಟ್ಟಿಲಲ್ಲೇ ಹೋಗುತ್ತೇನೆ, ಅಷ್ಟು ಬಿಡಿ ಎಂದೆ. ಅವರು ನಕ್ಕುಬಿಟ್ಟರು. ಬಾಡಿಗೆ ಇಳಿಯಲಿಲ್ಲ, ರಾತ್ರಿಯ ದಾಲ್ ಅದರೊಳಗೆ ಸೇರಿತು. ಲಿಫ್ಟನ್ನೂ ಹತ್ತಿದೆ. ಒಂದು ವಾರ ಜ್ವರ ಕಾಯ್ದಾಗ ಡಾಕ್ಟರಿಗೆಂದು ಇಟ್ಟ ಹಣ ಡಾಕ್ಟರಿಗೇ ಹೋಯಿತು. ಆಗ ನನಗೆ ಮೊದಲ ದಿನದ ಆ ಅಗ್ಗದ ಕಾಗದ ನೆನಪಾಯಿತು. ಅದನ್ನೇ ಹಿಡಿದು ಬಂದಿದ್ದರೆ ನಾನೂ ಆ ಬಿಸ್ಕತ್ತಿನ ಹುಡುಗನ ಹಾಗೆ ರೈಲಿನಲ್ಲಿರುತ್ತಿದ್ದೆ. ಜ್ವರದಲ್ಲೂ ಕೋಣೆಯಿಂದಲೇ ಸಮೀಕ್ಷೆಯ ಉತ್ತರಪತ್ರಗಳನ್ನು ತಿದ್ದಿ ಕಳಿಸಿದೆ. ಮೇಡಂ ಕಚೇರಿಗೆ ಫೋನ್ ಮಾಡಿದ್ದರಂತೆ, ಒಂದು ದಿನದ ಕೆಲಸವೂ ತಪ್ಪಿಲ್ಲವೆಂದು ಅಲ್ಲಿನವರು ಹೇಳಿದರಂತೆ. ಉಳಿದರ್ಧ ಹೇಳಿದ ದಿನವೇ ಬಂತು.

ಕೊನೆಯ ದಿನ ಕಚೇರಿಯ ಮುಖ್ಯಸ್ಥೆ ಸರ್ಟಿಫಿಕೇಟ್ ಕೊಟ್ಟು, ಕೂರಲು ಹೇಳಿದರು. ಕೋರ್ಸು ಮುಗಿದ ಮೇಲೆ ಇಲ್ಲಿಗೇ ಬರುತ್ತೀಯಾ ಎಂದು ಕೇಳಿದರು. ಬರುತ್ತೇನೆ ಎಂದೆ.

"ಸಂಬಳ ಎಷ್ಟು ನಿರೀಕ್ಷೆ ಮಾಡುತ್ತೀಯ?"

ಬಸ್ಸಿನಲ್ಲಿ ಅದೆಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದ ಅಂಕಿಯದು. ಬಾಯಲ್ಲಿ ಬರುವಾಗ ಅರ್ಧ ಮಾಡಿಬಿಡುವ ಆಸೆ ಇನ್ನೂ ಇತ್ತು. ಪೂರ್ತಿ ಹೇಳಿದೆ. ಹೇಳಿ, ದುಪಟ್ಟಾದ ತುದಿ ಹಿಡಿದೆ. ಒಂದು ಮಡಿಕೆಯೂ ಮುಗಿದಿರಲಿಲ್ಲ.

"ಸರಿ," ಎಂದರು ಅವರು.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. "ಎಷ್ಟು ಹೇಳಿದಿ?" ಕೇಳಿದಳು. ಹೇಳಿದೆ.

"ಕಡೀಕ ಎಷ್ಟಕ್ಕಿಳಿದಿ?"

"ಇಳೀಲಿಲ್ಲವ್ವಾ. ಸರಿ ಅಂದುಬಿಟ್ರು."

"ಒಂದ ಸಲಕ್ಕ?"

"ಹೂಂ. ಒಂದೇ ಸಲಕ್ಕೆ."

ಅಮ್ಮ ಕೂಗಲಿಲ್ಲ. ಮೂಗೆಳೆದ ಸದ್ದು ಕೇಳಿಸಿತು. ಅಳುತ್ತಿದ್ದಾಳೇನೋ ಅಂದುಕೊಂಡೆ.

"ಅಯ್ಯ ನನ್ನ ಮಗಳ," ಅಂದಳು ಆಮೇಲೆ. "ಇನ್ನೂ ಹೆಚ್ಚಿಗಿ ಕೇಳಬೇಕಿತ್ತಲ್ಲ!"